ಅರವತ್ತು ಬಿಳಿ ಮುಚ್ಚಳ, ಒಂದು ಬಟ್ಟಲು ಅರಿಶಿಣ

ಅರಿಶಿಣ ಹಚ್ಚಲು ಹೇಳಿದವಳು ನಾನು. ಇದನ್ನು ಮೊದಲಿಗೇ ಬರೆದುಬಿಡುತ್ತೇನೆ. ಈ ಸಂಗತಿಯನ್ನು ಬಹಳ ಜನರ ಮುಂದೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಈ ವಾಕ್ಯ ಒಂದೋ ಕೊನೆಗೆ ಬರುತ್ತಿತ್ತು, ಇಲ್ಲವೇ ಬರುತ್ತಲೇ ಇರಲಿಲ್ಲ. ಹೇಳುತ್ತ ಹೇಳುತ್ತ ಕತೆ ನುಣುಪಾಗುತ್ತದೆ, ನಾನು ಒಳ್ಳೆಯವಳಾಗುತ್ತ ಹೋಗುತ್ತೇನೆ. ಬರೆಯುವಾಗಲಾದರೂ ಅದಕ್ಕೊಂದು ತಡೆ ಇರಲಿ.

ನನ್ನ ಮೇಜಿಗೆ ಬರುವುದು ಬೇರೆಯವರು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು. ಪುಣೆ ಬದಿಯ ಚಿಂಚವಾಡದಲ್ಲಿ, ರೈಲು ಹಳಿಗಿಂತ ಸ್ವಲ್ಪ ಆಚೆ, ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ನಮ್ಮ ವರ್ಕ್‌ಶಾಪು. ಕಚೇರಿಗಳು ಹೊಸ ಯಂತ್ರ ಕೊಂಡಾಗ ಹಳೆಯವು ನಮ್ಮಲ್ಲಿಗೆ ಬರುತ್ತವೆ. ಒಳಗಿನ ರಿಪೇರಿ ಬೇರೆಯವರದು, ಹೊರಮೈ ನನ್ನದು. ಕಚೇರಿಯ ಲೇಬಲ್ಲು, ಬಾರ್‌ಕೋಡು, ಯಾರೋ ಬೇಸರಕ್ಕೆ ಅಂಟಿಸಿದ ಹುಲಿಯ ಚಿತ್ರ, ಕ್ಯಾಮೆರಾದ ಮೇಲಿನ ಟೇಪಿನ ತುಂಡು, ಎಲ್ಲದರ ಕೆಳಗಿನ ಅಂಟು. ಇವೆಲ್ಲ ಹೋಗಬೇಕು, ಹೋದ ಗುರುತೂ ಉಳಿಯಬಾರದು. ಕೋಥರೂಡದಿಂದ ಎರಡು ಬಸ್ಸು ಬದಲಿಸಿ ಬಂದು ದಿನವಿಡೀ ಮಾಡುವ ಕೆಲಸ ಇಷ್ಟೇ. ಅಂಟನ್ನೂ ನೆನಪನ್ನೂ ಹೋಲಿಸಿ ಒಂದು ಚಂದದ ಮಾತು ಬರೆಯುವ ಆಸೆ ಇಲ್ಲಿ ಯಾರಿಗಾದರೂ ಬರುತ್ತದೆ. ನನಗೂ ಬಂತು. ಬರೆಯುವುದಿಲ್ಲ. ಅಂಟು ಅಂಟೇ.

ಆ ಮಳೆಗಾಲದಲ್ಲಿ ನನ್ನ ಮೇಜಿಗೆ ಇನ್ನೊಬ್ಬಳು ಬಂದಳು. ಸುರಪುರದ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು ಒಂಬತ್ತು ವರ್ಷವಾಗಿತ್ತು. ಕೂಲಿ ತಂಡದ ಮುಕಾದಮ ಎಲ್ಲಿ ಸೈಟು ಹಿಡಿಯುತ್ತಾನೋ ಅಲ್ಲಿ ಇವರ ತಗಡಿನ ಶೆಡ್ಡು. ಮಗಳು ನಾಲ್ಕನೆಯ ತರಗತಿಗೆ ಬರುವಷ್ಟರಲ್ಲಿ ಮೂರು ಶಾಲೆ ಕಂಡಿದ್ದಳು. ದಸರಾ ಮುಗಿದ ಮೇಲೆ ತಂಡ ಭೋರಿಗೆ ಹೋಗುವುದಿತ್ತು. ಅಲ್ಲಿ ಗುಡ್ಡದ ಬದಿಗೆ ಯಾವುದೋ ರೆಸಾರ್ಟಿನ ಕೆಲಸ. ನಮ್ಮ ಮಾಲಕರು ಅವಳನ್ನು ಮೂರು ತಿಂಗಳು ನೋಡೋಣವೆಂದು ಇಟ್ಟುಕೊಂಡಿದ್ದರು. ಕಾಯಂ ಆದರೆ ಅವಳೂ ಮಗಳೂ ಚಿಂಚವಾಡದಲ್ಲೇ ಉಳಿಯುತ್ತಾರೆ, ಗಂಡ ಭೋರಿನಿಂದ ಬಂದುಹೋಗಿ ಮಾಡುತ್ತಾನೆ. ಆಗದಿದ್ದರೆ ಎಲ್ಲರೂ ಟ್ರಕ್ಕು ಹತ್ತಬೇಕು, ಹುಡುಗಿಗೆ ನಾಲ್ಕನೆಯ ಶಾಲೆ. ಇದನ್ನು ಅವಳು ಮೊದಲ ದಿನವೇ ನನಗೆ ಹೇಳಿದಳು. ದೂರಿನಂತೆ ಅಲ್ಲ, ವಿಳಾಸ ಹೇಳಿದಂತೆ.

ಅವಳ ಕೈ ನನಗಿಂತ ಚೆನ್ನಾಗಿತ್ತು. ಹೊಸ ಟೈಲ್ಸಿನ ಮೇಲೆ ಬಿದ್ದ ಸಿಮೆಂಟನ್ನು ಗೀರು ಬೀಳದಂತೆ ಕೆರೆದು ತೆಗೆಯುವ ಕೆಲಸ ಮಾಡಿದ್ದವಳು. ಎಷ್ಟು ಓರೆ ಹಿಡಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನಾನು ಕಲಿಸಬೇಕಾಗಲಿಲ್ಲ.

ದಸರಾಕ್ಕೆ ಮುಂಚೆ ಬಂದ ಲಾಟಿನಲ್ಲಿ ಅರವತ್ತು ಲ್ಯಾಪ್‌ಟಾಪ್‌ಗಳಿದ್ದವು. ಎಲ್ಲ ಒಂದೇ ಮಾದರಿ, ಬಿಳಿ ಪ್ಲಾಸ್ಟಿಕ್ಕಿನ ಮುಚ್ಚಳ. ಒಂದು ತರಬೇತಿ ಸಂಸ್ಥೆಯವರು ಕೊಳ್ಳುವವರು. ದಸರಾದ ನಂತರದ ಸೋಮವಾರ ಅವರ ಇಂಜಿನಿಯರ್ ಬಂದು ಒಂದೊಂದನ್ನೂ ನೋಡಿ ಒಪ್ಪಬೇಕು. ಮಾಲಕರ ತಲೆಯಲ್ಲಿ ಆಗಲೇ ಇನ್ನೊಂದು ವಿಚಾರ ಓಡುತ್ತಿತ್ತು: ಅಂಟು ತೆಗೆಯುವ ಗೋಜೇ ಬೇಡ, ಇಡೀ ಮುಚ್ಚಳಕ್ಕೆ ಬಣ್ಣದ ಹಾಳೆ ಹೊದಿಸಿಬಿಟ್ಟರೆ ಮುಗಿಯಿತು. ಅವರು ನನ್ನನ್ನು ಕರೆದು ಮರಾಠಿಯಲ್ಲಿ ಹೇಳಿದ್ದು ಹೀಗೆ: "ಈ ಲಾಟು ಪಾಸಾದರೆ ನಿಮ್ಮ ಮೇಜು ಹೀಗೇ ಇರಲಿ, ಅವಳೂ ಕಾಯಂ. ಇಲ್ಲದಿದ್ದರೆ ಹಾಳೆಯವನನ್ನು ಕರೆಸುತ್ತೇನೆ. ಹಾಳೆ ಹೊದಿಸಲು ಒಬ್ಬರೇ ಸಾಕು, ನೀವಿದ್ದೀರಿ."

ಕೆಲಸದ ಕ್ರಮವನ್ನು ಬರೆಯುತ್ತೇನೆ, ತಪ್ಪು ಎಲ್ಲಿ ಹೊಕ್ಕಿತೆಂದು ತಿಳಿಯಲು ಅದು ಬೇಕು. ಮೊದಲು ಬ್ಯಾಟರಿ ತೆಗೆಯುವುದು. ಲೇಬಲ್ಲಿಗೆ ಹೇರ್‌ಡ್ರೈಯರಿನ ಬಿಸಿಗಾಳಿ, ಒಂದು ಗೇಣು ದೂರದಿಂದ, ಕೈ ಆಡಿಸುತ್ತ. ಒಂದೇ ಕಡೆ ಹಿಡಿದರೆ ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ. ಮೂಲೆ ಮೆತ್ತಗಾದಾಗ ಹಳೆಯ ಬ್ಯಾಂಕ್ ಕಾರ್ಡಿನ ಅಂಚಿನಿಂದ ಎಬ್ಬಿಸಿ, ಲೇಬಲ್ಲನ್ನು ಅದರ ಬೆನ್ನಿನ ಮೇಲೆಯೇ ಮಡಚಿ ನಿಧಾನಕ್ಕೆ ಎಳೆಯುವುದು. ಅವಸರ ಮಾಡಿದರೆ ಕಾಗದ ಬಂದು ಅಂಟು ಉಳಿಯುತ್ತದೆ. ಉಳಿದ ಅಂಟಿಗೆ ಬಟ್ಟೆಯ ಮೇಲೆ ನಾಲ್ಕು ಹನಿ ನೀಲಗಿರಿ ಎಣ್ಣೆ, ಯಂತ್ರದ ಮೇಲೆ ನೇರವಾಗಿ ಎಂದೂ ಅಲ್ಲ. ಎಣ್ಣೆ ಅಂಟಿನೊಳಗೆ ಇಳಿಯುವವರೆಗೆ ಕಾಯುವುದು, ಹೆಬ್ಬೆರಳಿನಿಂದ ಉರುಳಿಸಿ ತೆಗೆಯುವುದು. ಕೊನೆಗೆ ಆಲ್ಕೋಹಾಲಿನಲ್ಲಿ ತೊಯ್ಸಿ ಹಿಂಡಿದ ಬಟ್ಟೆಯಿಂದ ಒರೆಸಿ ಎಣ್ಣೆಯ ಪಸೆ ತೆಗೆಯುವುದು. ಈ ಕೊನೆಯ ಒರೆಸುವಿಕೆ ಆಗದಿದ್ದರೆ ಕೆಲಸ ಆದಂತಲ್ಲ. ಕಣ್ಣಿಗೆ ಸ್ವಚ್ಛ ಕಂಡರೂ ಎಣ್ಣೆ ಕುಡಿದು ಮೆತ್ತಗಾದ ಅಂಟಿನ ತೆಳು ಪದರ ಇದ್ದೇ ಇರುತ್ತದೆ.

ಖಂಡೆ ನವಮಿಯ ದಿನ, ಬುಧವಾರ, ಅರವತ್ತಕ್ಕೂ ಎಣ್ಣೆ ಹಾಕಿ ಮುಗಿಸಿದ್ದೆವು. ಮಧ್ಯಾಹ್ನ ಊಟದ ಮೇಲೆ ಆಲ್ಕೋಹಾಲಿನಿಂದ ಒರೆಸುವುದಷ್ಟೇ ಬಾಕಿ.

ನಮ್ಮಲ್ಲಿ ಆ ದಿನ ಹತಾರಗಳ ಪೂಜೆ. ವಿಜಾಪುರದಲ್ಲಿ ನಮ್ಮಪ್ಪನ ಅಂಗಡಿಯಲ್ಲಿ ತಕ್ಕಡಿಗೂ ಗಜಕಡ್ಡಿಗೂ ಮಾಡುತ್ತಿದ್ದರು. ಚಿಂಚವಾಡದಲ್ಲಿ ಲೇತು, ಡ್ರಿಲ್ಲು, ರಿಕ್ಷಾ ಎಲ್ಲಕ್ಕೂ ಮಾಡುತ್ತಾರೆ. ಪೂಜೆಗೆ ಇಟ್ಟ ಹತಾರವನ್ನು ದಸರಾ ಮುಗಿಯುವವರೆಗೆ ಯಾರೂ ಮುಟ್ಟುವುದಿಲ್ಲ. ಮಾಲಕರು ಆ ವರ್ಷ ಮುಹೂರ್ತವನ್ನು ಬೇಗನೆ ಇಟ್ಟರು, ಸಂಜೆಯ ಪೂಜೆ ಹನ್ನೆರಡೂವರೆಗೇ ಆಯಿತು. ನಮ್ಮ ಹೇರ್‌ಡ್ರೈಯರು, ಕಾರ್ಡುಗಳು, ಬಟ್ಟೆ, ಆಲ್ಕೋಹಾಲಿನ ಬಾಟಲಿ ಎಲ್ಲ ಹಲಗೆಯ ಮೇಲೆ ಚೆಂಡುಹೂವಿನ ಕೆಳಗೆ ಹೋದವು. ಎರಡು ದಿನ ತಡವಾದರೇನು ಎಂದುಕೊಂಡೆ. ಸೋಮವಾರ ದೂರವಿತ್ತು.

ಅವಳು ಬಟ್ಟಲಿನಲ್ಲಿ ಅರಿಶಿಣ ಕಲಸಿಕೊಂಡು ಲ್ಯಾಪ್‌ಟಾಪ್‌ಗಳ ಸಾಲಿನ ಮುಂದೆ ನಿಂತಳು.

"ಅಕ್ಕಾರ, ಒಂದಕ್ಕ ಹಚ್ಚಿದ್ರ ಸಾಕೇನ್ರಿ? ಎಲ್ಲಾದಕ್ಕೂ ಹಚ್ಚಬೇಕ?"

"ಎಲ್ಲಾದಕ್ಕೂ ಹಚ್ಚು," ಅಂದೆ. "ಒಂದಕ್ಕ ಹಚ್ಚಿ ಒಂದಕ್ಕ ಬಿಟ್ಟರ ಮುನಿಸ್ಕೋತಾವ."

ನಗೆಯಾಡಿದ್ದು. ಆದರೆ ಬರೀ ನಗೆ ಎಂದರೆ ಸುಳ್ಳಾದೀತು. ಅವಳ ಕಾಯಂ ಕೆಲಸ ಈ ಅರವತ್ತರ ಮೇಲಿತ್ತು; ದೇವರಿಗೂ ಒಂದು ಮಾತು ಹೇಳಿಟ್ಟಂತೆ ಆಗಲಿ ಎಂಬುದು ನನ್ನೊಳಗೂ ಇತ್ತು.

ಅವಳು ಎಲ್ಲಿ ಹಚ್ಚಿದಳು ಎನ್ನುವುದು ಮುಖ್ಯ. ಹಳೆಯ ಬಿಳಿ ಪ್ಲಾಸ್ಟಿಕ್ಕು ವರ್ಷಗಳಲ್ಲಿ ಸ್ವಲ್ಪ ಮಾಸಿರುತ್ತದೆ. ಲೇಬಲ್ಲಿನ ಕೆಳಗಿನ ಭಾಗ ಮಾತ್ರ ಹೊಸದರಂತೆ ಬೆಳ್ಳಗಿರುತ್ತದೆ. ಮುಚ್ಚಳದ ನಟ್ಟನಡುವೆ ಆ ಬಿಳಿ ಚೌಕ ಹಣೆಯಂತೆ ಕಾಣುತ್ತದೆ. ಹಣೆಗೆ ಹಚ್ಚುವಂತೆ ಅಲ್ಲೇ ಹಚ್ಚಿದಳು, ಅಂದರೆ ಎಣ್ಣೆ ಕುಡಿದ ಅಂಟಿನ ಮೇಲೆಯೇ. ಅರಿಶಿಣದ ಒಂದು ಎಳೆತ, ನಡುವೆ ಕುಂಕುಮದ ಬೊಟ್ಟು. ಅರವತ್ತು ಹಣೆ. ನೋಡಲು ಚಂದವಿತ್ತು. ನಾನೇ ಫೋಟೋ ತೆಗೆದೆ.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದು ಮೊದಲನೆಯದನ್ನು ಒರೆಸಿದೆ. ಕುಂಕುಮ ಪುಡಿಯಾಗಿ ಉದುರಿತು. ಅರಿಶಿಣ ಕದಲಲಿಲ್ಲ. ಅದು ಮೇಲೆ ಇರಲಿಲ್ಲ, ಒಳಗೆ ಇಳಿದಿತ್ತು.

ಆಮೇಲಿನ ಒಂದು ತಾಸಿನಲ್ಲಿ ಮಾಡಿದ್ದನ್ನೆಲ್ಲ ನಾನೇ ಮಾಡಿದೆ, ಒಂದಕ್ಕಿಂತ ಒಂದು ಕೆಟ್ಟದ್ದು. ಸಾಬೂನಿನ ನೀರು ಹಚ್ಚಿದೆ. ಹಳದಿ ಹೋಗುವುದಿರಲಿ, ಕಣ್ಣೆದುರೇ ಕೆಂಪಾಯಿತು. ಸಾಬೂನಿಗೆ ಅರಿಶಿಣ ಕೆಂಪಾಗುತ್ತದೆಂದು ಅಡುಗೆಮನೆಯಲ್ಲಿ ನೂರು ಸಲ ನೋಡಿದ್ದೆ, ಆದರೆ ಬಿಳಿ ಮುಚ್ಚಳದ ಮೇಲೆ ಅದು ಗಾಯದಂತೆ ಕಂಡಿತು. ನಿಂಬೆರಸ ಹಚ್ಚಿದಾಗ ಮತ್ತೆ ಹಳದಿಗೆ ಬಂತು. ಆಲ್ಕೋಹಾಲು ಹಚ್ಚಿದೆ, ಬಟ್ಟೆಗೆ ಬಣ್ಣ ಬಂತು, ಗೆದ್ದೆ ಎಂದುಕೊಂಡು ಇನ್ನೂ ಹದಿಮೂರಕ್ಕೆ ಹಚ್ಚಿದೆ. ಒಣಗಿದ ಮೇಲೆ ನೋಡಿದರೆ ಚೌಕದೊಳಗಿದ್ದ ಹಳದಿ ಕರಗಿ ಅಂಗೈಯಗಲ ಹರಡಿತ್ತು. ಕೊನೆಗೆ ಪಕ್ಕದ ಅಂಗಡಿಯಿಂದ ಥಿನ್ನರ್ ತಂದು, ಪುಣ್ಯಕ್ಕೆ ಒಂದು ಒಡೆದ ಮುಚ್ಚಳದ ಮೇಲೆ ಪರೀಕ್ಷಿಸಿದೆ. ಹೊಳಪೇ ಹೋಯಿತು. ಪ್ಲಾಸ್ಟಿಕ್ಕೇ ಕರಗಿ ಬೆರಳಿನ ಗುರುತು ಮೂಡಿತು.

ಆಗ ಮಾಲಕರು ಬಂದರು. ಸಾಲಿನುದ್ದಕ್ಕೂ ಹಳದಿ. ಅವರು ಕೂಗುವವರಲ್ಲ, ದನಿ ಇಳಿಸುವವರು.

"ಹೇ ಕೋಣೀ ಲಾವಲಂ?" ಇದನ್ನು ಯಾರು ಹಚ್ಚಿದ್ದು?

"ಮೀ," ಅಂದಳು ಅವಳು. ನಾನು.

ನಿಜವೇ. ಬೆರಳು ಅವಳದು. ಮಾಲಕರು ನನ್ನ ಕಡೆ ನೋಡಲಿಲ್ಲ. ನಾಳೆಯಿಂದ ಬರುವುದು ಬೇಡ, ಹಾಳೆಯವನಿಗೆ ಫೋನು ಮಾಡುತ್ತೇನೆ ಎಂದು ಹೇಳಿ ತಮ್ಮ ಕೋಣೆಗೆ ಹೋದರು.

ಹಿಂದೆ ಈ ಕತೆ ಹೇಳಿದಾಗಲೆಲ್ಲ ಇಲ್ಲಿ ನಾನು ತಟ್ಟನೆ ಮಾತಾಡುತ್ತಿದ್ದೆ. "ಆಕಿಗೆ ಹೇಳಿದಾಕಿ ನಾನ್ರಿ" ಎಂದು ಮಾಲಕರ ಬೆನ್ನಿಗೇ ಹೇಳುತ್ತಿದ್ದೆ. ನಡೆದದ್ದು ಹಾಗಲ್ಲ. ನಾನು ಸುಮ್ಮನಿದ್ದೆ. ಚಹಾ ಬಂತು, ಕುಡಿದೆ. ಅವಳೂ ಕುಡಿದಳು. ಅರ್ಧ ದಿನ ಎಂದು ಬರೆಯಹೊರಟಿದ್ದೆ, ಅದೂ ಅನುಮಾನ. ಒಂದು ತಾಸೇ ಇರಬಹುದು. ಸುಮ್ಮನಿದ್ದದ್ದಂತೂ ಖಾತ್ರಿ. ನನ್ನ ಕೆಲಸಕ್ಕೆ ಅಪಾಯವಿರಲಿಲ್ಲ ಎಂಬುದೂ ಖಾತ್ರಿ. ಹೆದರಿಕೆಗೆ ಕಾರಣವೇ ಇರಲಿಲ್ಲ, ಆದರೂ ಬಾಯಿ ಬರಲಿಲ್ಲ.

ಅವಳು ತನ್ನ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಹಾಕಿಕೊಳ್ಳುತ್ತಲೇ, "ಬಿಡ್ರಿ ಅಕ್ಕಾರ, ಉಜ್ಜಬ್ಯಾಡ್ರಿ. ಉಜ್ಜಿದಷ್ಟು ಹಬ್ಬತದ. ಬಿಸಿಲಿಗಿ ಇಡ್ರಿ, ತಾನ ಹೋಗತದ," ಅಂದಳು.

"ಏನು?"

"ಅರಿಶಿಣರೀ. ಬಿಸಿಲಿಗಿ ನಿಲ್ಲಾಂಗಿಲ್ಲ ಅದು. ಮದಿವ್ಯಾಗ ಸೀರಿಗಿ ಹತ್ತಿದ್ದು ಒಗದ್ರ ಹೋಗತದೇನು? ತಂತಿ ಮ್ಯಾಲ ಹಾಕಿದ್ರ ಎರಡು ದಿನದಾಗ ಕಾಣ್ಸೂದಿಲ್ಲ. ನಿಮ್ಮ ಮನಿಯಾಗ ಸೀರಿ ಒಗಿತೀರೋ ಇಲ್ಲೋ?"

ಒಗೆಯುತ್ತಿದ್ದೆ, ಮಷೀನಿನಲ್ಲಿ. ಒಣಗಿಸುತ್ತಿದ್ದದ್ದು ಫ್ಲ್ಯಾಟಿನ ಒಳಬಾಲ್ಕನಿಯಲ್ಲಿ. ಇಪ್ಪತ್ತು ವರ್ಷ ಅಂಟು ತೆಗೆದವಳಿಗೆ ತಿಳಿಯದ್ದು ಅವಳಿಗೆ ಗೊತ್ತಿತ್ತು.

ಥಿನ್ನರ್ ಹಚ್ಚಿ ಕೆಡಿಸಿದ ಮುಚ್ಚಳವನ್ನೇ ತೆಗೆದುಕೊಂಡೆ. ಉಳಿದ ಭಾಗಕ್ಕೆ ಎಣ್ಣೆ ಸವರಿ, ಅರಿಶಿಣ ಹಚ್ಚಿ ಒರೆಸಿ, ಕಲೆಯ ಅರ್ಧಕ್ಕೆ ಕಪ್ಪು ಟೇಪು ಹಚ್ಚಿದೆ. ಅಕ್ಟೋಬರದ ಹನ್ನೊಂದು ಗಂಟೆಯ ಬಿಸಿಲು, ಟೆರೇಸು. ಹನ್ನೆರಡೂವರೆಗೆ ಹೋಗಿ ಟೇಪು ಕಿತ್ತೆ. ಟೇಪಿನ ಕೆಳಗೆ ಅರಿಶಿಣದ ಬಣ್ಣ ಹಾಗೇ ಇತ್ತು. ಬಿಸಿಲು ಕಂಡ ಅರ್ಧ ಹಾಲಿನ ಕೆನೆಯಷ್ಟಾಗಿತ್ತು. ನಡುವೆ ಗೆರೆ ಎಳೆದಂತೆ.

ಆ ಮುಚ್ಚಳವನ್ನು ಹಿಡಿದುಕೊಂಡೇ ಮಾಲಕರ ಕೋಣೆಗೆ ಹೋದೆ. ಕೈಯಲ್ಲಿ ಪುರಾವೆ ಸಿಕ್ಕ ಮೇಲೆ ಬಾಯಿ ಬಂತು ಎನ್ನುವುದು ನನಗೆ ಹೆಮ್ಮೆಯ ವಿಷಯವಲ್ಲ. ಅರವತ್ತಕ್ಕೂ ಹಚ್ಚಲು ಹೇಳಿದವಳು ನಾನು, ಎಣ್ಣೆ ಒರೆಸದೆ ಬಿಟ್ಟವಳೂ ನಾನು, ಅವಳು ಕೇಳಿಯೇ ಹಚ್ಚಿದ್ದು ಎಂದೆ.

ಅವರು ಮುಚ್ಚಳ ತಿರುಗಿಸಿ ನೋಡಿದರು. "ಯಾರು ಹೇಳಿದರೇನು, ಅರಿಶಿಣ ಹಳದಿಯೇ. ನಿಮ್ಮ ಪಶ್ಚಾತ್ತಾಪ ತೋರಿಸಿದರೆ ಇಂಜಿನಿಯರು ಪಾಸು ಮಾಡುತ್ತಾರೆಯೇ?"

"ಬಿಸಿಲು ತೋರಿಸುತ್ತೇನೆ. ಶನಿವಾರ, ಭಾನುವಾರ ಎರಡು ದಿನ ಕೊಡಿ. ಆದರೆ ಅರವತ್ತನ್ನು ಒಬ್ಬಳೇ ಹತ್ತಿಸಿ ಇಳಿಸಲಾರೆ. ಅವಳು ಬೇಕು. ಈ ಉಪಾಯವೂ ಅವಳದೇ."

"ಬಿಸಿಲಿಗೆ ಬಿಳಿ ಪ್ಲಾಸ್ಟಿಕ್ಕೇ ಹಳದಿಯಾಗುತ್ತದಲ್ಲ?"

ಅದು ಸರಿಯಾದ ಪ್ರಶ್ನೆ. ತಿಂಗಳುಗಟ್ಟಲೆ ಇಟ್ಟರೆ ಆಗುತ್ತದೆ, ಎರಡು ದಿನಕ್ಕೆ ಆಗಲಾರದು ಎಂದೆ. ಎಷ್ಟು ಗೊತ್ತಿದ್ದು ಹೇಳಿದೆ, ಎಷ್ಟು ಆಸೆಯಿಂದ ಹೇಳಿದೆ ಎಂದು ಈಗ ಬೇರ್ಪಡಿಸಲಾರೆ. ಸೋಮವಾರದವರೆಗೆ ಹಾಳೆಯವನನ್ನು ತಡೆಯುತ್ತೇನೆ, ಅಲ್ಲಿಯವರೆಗೆ ಅವಳೂ ಬರಲಿ ಎಂದರು. ಅಷ್ಟೇ ಸಿಕ್ಕದ್ದು.

ಆ ಮಧ್ಯಾಹ್ನವೇ ಕ್ರಮ ಬದಲಿಸಿದೆವು. ಇನ್ನು ಆಲ್ಕೋಹಾಲು ಇಲ್ಲ. ಮೊದಲು ಉಳಿದ ಅಂಟನ್ನು ಒಣದಾಗಿಯೇ, ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ ಉರುಳಿಸಿ ತೆಗೆಯುವುದು. ಅಂಟಿನ ಜೊತೆ ಅದರೊಳಗಿನ ಅರಿಶಿಣವೂ ಹೋಗುತ್ತದೆ. ಪ್ಲಾಸ್ಟಿಕ್ಕಿಗೆ ಇಳಿದ ಬಣ್ಣ ಮಾತ್ರ ಬಿಸಿಲಿಗೆ ಬಿಡುವುದು. ಸಂಜೆ ಏಳರ ಹೊತ್ತಿಗೆ ನೆಲವೆಲ್ಲ ಹಳದಿ ರಬ್ಬರಿನ ಚೂರು. ಮಗಳ ಕಂಪಾಸ್ ಡಬ್ಬಿಯ ರಬ್ಬರನ್ನೂ ತಂದು ಮುಗಿಸಿದ್ದಳು. "ಆಕಿ ಕೇಳಿದ್ರ ಏನ್ ಹೇಳ್ತಿ?" ಅಂದೆ. "ನಿನ್ನ ಸಾಲಿ ಉಳಸಾಕ ಸವಸೀನಿ ಅಂತೀನ್ರಿ," ಅಂದಳು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಟೆರೇಸಿನ ಮೇಲೆ ಅರವತ್ತು ಲ್ಯಾಪ್‌ಟಾಪ್‌ಗಳು. ಬ್ಯಾಟರಿಗಳೆಲ್ಲ ಕೆಳಗೆ, ಸಂಖ್ಯೆ ಬರೆದ ಡಬ್ಬಗಳಲ್ಲಿ. ಯಂತ್ರ ಪೂರ್ತಿ ಕಾಯ್ದರೆ ಪರದೆ ಕೆಡುತ್ತದೆ. ಅದಕ್ಕೆ ಪ್ಯಾಕಿಂಗಿನ ರಟ್ಟಿನಲ್ಲಿ ಕಲೆಯಷ್ಟೇ ಕಿಂಡಿ ಕತ್ತರಿಸಿ ಒಂದೊಂದಕ್ಕೂ ಹೊದಿಸಿದೆವು. ಸಾಲಿನಲ್ಲಿ ನಡೆಯುತ್ತ ಅಂಗೈ ಇಟ್ಟು ನೋಡುವುದು. ಹತ್ತು ಎಣಿಸುವವರೆಗೆ ಕೈ ನಿಲ್ಲದಷ್ಟು ಕಾಯ್ದಿದ್ದರೆ ನೀರಿನ ಟಾಕಿಯ ನೆರಳಿಗೆ, ಆರಿದ ಮೇಲೆ ಮತ್ತೆ ಬಿಸಿಲಿಗೆ. ಹತ್ತೂವರೆಗೆ ಅರಿಶಿಣ ನಿಂಬೆಹಣ್ಣಾಯಿತು. ಒಂದು ಗಂಟೆಗೆ ಹಳೆಯ ಕಾಗದವಾಯಿತು. ನಾನು ಪ್ರತಿ ಅರ್ಧ ತಾಸಿಗೆ ಒಂದೇ ಯಂತ್ರದ ಫೋಟೋ ತೆಗೆಯುತ್ತಿದ್ದೆ, ನನ್ನ ಕಣ್ಣಿಗೆ ಬೇಕಾದ್ದು ಕಾಣುತ್ತಿದೆಯೋ ಇರುವುದು ಕಾಣುತ್ತಿದೆಯೋ ಎಂದು ತಿಳಿಯಲು.

ಮಾಲಕರು ಹತ್ತಿ ಬಂದರು. ಸಾಲು ನೋಡಿ, "ಪಾಪಡ ವಾಳವತಾಯ್ ಕಾ?" ಎಂದರು. ಹಪ್ಪಳ ಒಣಗಿಸುತ್ತಿದ್ದೀರಾ?

ಅವಳು ನನಗೆ ಕನ್ನಡದಲ್ಲಿ, "ಹಪ್ಪಳ ಇದ್ದಿದ್ರ ಕಾಗಿ ಒಯ್ತಿದ್ವು, ಇವನ್ನ ಕಾಗೀನೂ ಮೂಸಿ ನೋಡವಲ್ದು ಅಂತ ಹೇಳ್ರಿ ಸಾಹೇಬ್ರಿಗಿ," ಅಂದಳು. ಹೇಳಿದೆ. ಅವರು ನಗಲಿಲ್ಲ, ಆದರೆ ಬಗ್ಗಿ ಒಂದು ರಟ್ಟು ಎತ್ತಿ ನೋಡಿದರು. ಇಳಿಯುವ ಮೊದಲು ತಾವೇ ಎರಡು ಯಂತ್ರ ನೆರಳಿಗಿಟ್ಟರು.

ಭಾನುವಾರ ಎರಡು ಗಂಟೆಗೆ ಪಶ್ಚಿಮದಲ್ಲಿ ಮೋಡ ಎದ್ದಿತು. ಹೋಗುವ ಮಳೆಯ ಕೊನೆಯ ಹೊಡೆತ. ಇನ್ನೂ ಹದಿನಾಲ್ಕು ಯಂತ್ರಗಳು ಪೂರ್ತಿ ಬಿಳಿಯಾಗಿರಲಿಲ್ಲ. ಅವೆಲ್ಲ ಶುಕ್ರವಾರ ನಾನು ಆಲ್ಕೋಹಾಲು ಹಚ್ಚಿ ಹರಡಿಸಿದವು. ಇಬ್ಬರೂ ಎದೆಗೆ ನಾಲ್ಕು ನಾಲ್ಕು ಅವುಚಿಕೊಂಡು ಎರಡು ಮಹಡಿ ಇಳಿದು ಹತ್ತಿದೆವು. ಕೊನೆಯ ಸರದಿಗೆ ಹನಿ ಬಿತ್ತು. ಅವಳು ಸೆರಗು ಬಿಚ್ಚಿ ಯಂತ್ರಗಳ ಮೇಲೆ ಹೊದಿಸಿ ಬಗ್ಗಿ ಓಡಿದಳು. ನಾನು ಮೆಟ್ಟಿಲಿನಲ್ಲಿ ಎಡವಿ ಒಂದರ ಮೂಲೆಯನ್ನು ಗೋಡೆಗೆ ಗೀರಿದೆ.

ಹದಿನಾಲ್ಕು ಹಾಗೇ ಉಳಿದವು. ಸೋಮವಾರ ಹನ್ನೊಂದಕ್ಕೆ ತಪಾಸಣೆ. ಬೆಳಗಿನ ಎಳೆಬಿಸಿಲು ಎರಡು ಮೂರು ತಾಸು ಸಿಕ್ಕರೆ ಸಿಕ್ಕಿತು.

ಸೋಮವಾರ ನಾನು ಏಳಕ್ಕೇ ಬಂದೆ. ಅವಳು ನನಗಿಂತ ಮೊದಲೇ ಬಂದು ಕೆಳಗಿನ ಮೆಟ್ಟಿಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ತಗಡಿನ ಟ್ರಂಕು, ಅದರ ಮೇಲೆ ಸುತ್ತಿದ ಹಾಸಿಗೆ, ಹಗ್ಗದಿಂದ ಕಟ್ಟಿದ ಮೂರು ಪಾತ್ರೆ, ಶಾಲೆಯ ಚೀಲ ಹಿಡಿದ ಮಗಳು.

"ಇದೇನು?"

"ಟ್ರಕ್ ಹೋತ್ರಿ, ಆರಕ್ಕ. ಅವ್ರು ಹೋದ್ರು. ನಾ ಹತ್ತಲಿಲ್ಲ."

"ಇನ್ನೂ ಪಾಸ್ ಆಗಿಲ್ಲಲ್ಲ ಮಾರಾಯ್ತಿ! ಆಗದಿದ್ದರ?"

"ಅದನ್ನ ಅವ್ರೂ ಕೇಳಿದ್ರು." ಟ್ರಂಕಿನ ಹಗ್ಗ ಬಿಗಿ ಮಾಡಿದಳು. "ಮಗಳನ್ನ ಸಾಲಿಗಿ ಬಿಟ್ಟು ಬರಬೇಕ್ರಿ, ಎಂಟಕ್ಕ. ಅಷ್ಟರಾಗ ಮ್ಯಾಲ ಇಡೂಣು ನಡ್ರಿ, ಬಿಸಿಲು ಬಿದ್ದದ."

ಇಂಜಿನಿಯರ್ ಎಂದರೆ ಯಾರೋ ಗಡಸು ಗಂಡಸು ಬರುತ್ತಾನೆಂದು ನಾನು ಎಣಿಸಿದ್ದೆ. ಬಂದವಳು ಮೂವತ್ತರ ಒಳಗಿನ ಹುಡುಗಿ, ಬೆಂಗಳೂರಿನವಳು. ನಾವಿಬ್ಬರೂ ಮಾತಾಡುವುದನ್ನು ಕೇಳಿ, "ಅಯ್ಯೋ, ನೀವು ಕನ್ನಡದವ್ರಾ? ಸೂಪರ್. ಸರಿ ಮೇಡಂ, ಸ್ಟಾರ್ಟ್ ಮಾಡೋಣ್ವಾ? ಅರವತ್ತನ್ನೂ ನೋಡ್ತೀನಿ, ಸ್ಯಾಂಪಲ್ ಎಲ್ಲ ಇಲ್ಲ," ಎಂದಳು. ಅವಳ ನಿಯಮ ಸರಳ: ಅರವತ್ತರಲ್ಲಿ ಮೂರು ತಿರಸ್ಕಾರವಾದರೂ ಲಾಟು ಪಾಸು. ನಾಲ್ಕಾದರೆ ಇಡೀ ಲಾಟು ವಾಪಸ್ಸು.

ಟ್ಯೂಬ್‌ಲೈಟಿನ ಕೆಳಗೆ ಒಂದೊಂದನ್ನೂ ಓರೆ ಹಿಡಿದು ನೋಡುತ್ತಾಳೆ, ಆಮೇಲೆ ತೋರುಬೆರಳನ್ನು ಮುಚ್ಚಳದ ಮೇಲೆ ಜಾರಿಸುತ್ತಾಳೆ. ಅಂಟಿದ್ದರೆ ಬೆರಳು ಎಲ್ಲೋ ಒಂದು ಕ್ಷಣ ತಡೆಯುತ್ತದೆ. ಇಪ್ಪತ್ತೆರಡನೆಯದರ ತನಕ ತಡೆಯಲಿಲ್ಲ. ಇಪ್ಪತ್ತಮೂರನೆಯದನ್ನು ಮೂಗಿನ ಹತ್ತಿರ ಹಿಡಿದಳು.

"ಮೇಡಂ, ಇದು... ಅರಿಶಿನ ಅಲ್ವಾ?"

ಚಹಾ ಎನ್ನಬಹುದಿತ್ತು. "ಹೌದ್ರಿ," ಅಂದೆ.

"ಲ್ಯಾಪ್‌ಟಾಪ್‌ಗೆ ಆಯುಧಪೂಜೆ ಮಾಡಿದ್ರಾ?"

"ಅರವತ್ತಕ್ಕೂ."

ಅವಳು ಕುರ್ಚಿಯಲ್ಲೇ ಹಿಂದಕ್ಕೆ ವಾಲಿ ನಕ್ಕಳು. "ನಮ್ಮಪ್ಪ ವಾಷಿಂಗ್ ಮಷೀನಿಗೂ ಇಡ್ತಾರೆ, ವೈಫೈ ಡಬ್ಬಕ್ಕೂ ಇಡ್ತಾರೆ." ನಗುತ್ತಲೇ ಆ ಯಂತ್ರವನ್ನು ಎಡಕ್ಕೆ ಸರಿಸಿದಳು. "ಬಟ್ ಸಾರಿ, ಇದು ರಿಜೆಕ್ಟ್."

ಮೂವತ್ತೊಂದನೆಯದು, ಮತ್ತೆ ಹಳದಿ ನೆರಳು. ಎರಡು. ನಲವತ್ತರ ಆಚೆ ನಾನು ಗೋಡೆಗೆ ಗೀರಿದ್ದು. ಮೂರು. ಮಾಲಕರು ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದರು. ಆ ಫೋನಿನಲ್ಲಿ ಹಾಳೆಯವನ ನಂಬರು ತೆರೆದಿತ್ತು ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನಾನು ನೋಡಿರಲಿಲ್ಲ, ಅದು ನನ್ನ ಸೇರ್ಪಡೆ.

ಐವತ್ತೇಳನೆಯದರ ಮೇಲೆ ಬೆರಳು ತಡೆಯಿತು. ಹಿಂದಕ್ಕೆ ತಂದು ಮತ್ತೆ ಜಾರಿಸಿದಳು. ಮತ್ತೆ ಅಲ್ಲೇ ತಡೆಯಿತು.

"ಸ್ಟಿಕ್ಕಿ ಇದೆ ಅನ್ಸುತ್ತೆ," ಎಂದಳು ಮೆಲ್ಲಗೆ.

ಸುರಪುರದವಳು ಮುಂದೆ ಬಂದು ಒಣ ಬಟ್ಟೆ ಚಾಚಿದಳು. "ಮೇಡಂರೀ, ಅದು ಅಂಟಲ್ರಿ. ನಿಮ್ಮ ಬೆರಳ ಬೆವತದ. ಐವತ್ತಾರು ಮುಟ್ಟಿ ಬಂದದ ಅದು. ವರಸ್ಕೊಂಡು ನೋಡ್ರಿ. ಆಗೂ ಹಿಡಿದ್ರ ಎಡಕ್ಕ ಇಡ್ರಿ, ನಾ ಒಂದು ಮಾತ ಆಡೂದಿಲ್ಲ."

ಹುಡುಗಿ ಬೆರಳು ಒರೆಸಿಕೊಂಡಳು. ಅವಳ ಬೆರಳು ಮುಚ್ಚಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಎಲ್ಲಿಯೂ ನಿಲ್ಲದೆ ಹೋಯಿತು. ಇನ್ನೊಂದು ಸಲ ಹೋಯಿತು. ಅದನ್ನು ಬಲಕ್ಕೆ ಇಟ್ಟಳು. ಉಳಿದ ಮೂರಕ್ಕೂ ಪ್ರತಿ ಸಲ ಬೆರಳು ಒರೆಸಿಕೊಂಡೇ ನೋಡಿದಳು, ಮೂರೂ ಬಲಕ್ಕೆ ಹೋದವು.

ಸಹಿಯಾಯಿತು. ಮಾಲಕರು ಫೋನು ಜೇಬಿಗಿಟ್ಟರು. ಇನ್ನು ಮುಂದೆ ಖಂಡೆ ನವಮಿಗೆ ಒಂದೇ ಯಂತ್ರಕ್ಕೆ ಹಚ್ಚಿ, ಅದೂ ನನ್ನ ಸ್ಕೂಟರಿಗೆ, ಎಂದರು. ಆಮೇಲೆ ಅವಳ ಕಡೆ ತಿರುಗಿ, ಆಧಾರ್ ಕಾರ್ಡಿನ ಪ್ರತಿ ನಾಳೆ ತಾ, ಕಾಯಂ ಕಾಗದಕ್ಕೆ ಬೇಕು ಎಂದರು. ಅವಳು ತಲೆಯಾಡಿಸಿ ಕೇಳಿದ್ದು ಒಂದೇ: ಇವತ್ತು ಒಂದು ತಾಸು ಲಗೂ ಬಿಡ್ತೀರೇನು, ಖೋಲಿ ನೋಡಬೇಕು.

ನಾನೂ ಜೊತೆಗೆ ಹೋದೆ. ಹಳಿಯ ಆಚೆಯ ಚಾಳಿನಲ್ಲಿ ಒಂದು ಕೋಣೆ ಖಾಲಿಯಿತ್ತು. ಕಿಟಕಿ ಒಂದು, ನಲ್ಲಿ ಹೊರಗೆ, ಮಗಳ ಶಾಲೆ ಎರಡು ಗಲ್ಲಿ ದೂರ. ಮನೆಯೊಡತಿ ವಯಸ್ಸಾದ ಮರಾಠಿ ಹೆಂಗಸು. ಟ್ರಂಕು, ಹಾಸಿಗೆ, ಪಾತ್ರೆ ನೋಡಿ ಅವಳಿಗೆ ಇವರು ಯಾರೆಂದು ತಿಳಿಯಿತು. ಕಟ್ಟಡದವರು ಬರುತ್ತಾರೆ, ಹೋಗುತ್ತಾರೆ. ಅದಕ್ಕೇ ಕೇಳಿದಳು:

"ಕಿತೀ ದಿವಸಾಂಸಾಠೀ?" ಎಷ್ಟು ದಿನದ ಮಟ್ಟಿಗೆ?

ಈ ಪ್ರಶ್ನೆಯನ್ನು ಒಂಬತ್ತು ವರ್ಷ ಮುಕಾದಮನೇ ಅವಳ ಪರವಾಗಿ ಉತ್ತರಿಸಿದ್ದ. ಅವಳು ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ತನ್ನ ಹರಕುಮುರುಕು ಮರಾಠಿಯಲ್ಲಿ ಹೇಳಿದಳು:

"ಪೋರಗೀ ದಹಾವೀ ಪಾಸ್ ಹೋಯೀಪರ್ಯಂತ." ಮಗಳು ಹತ್ತನೆಯದು ಪಾಸಾಗುವವರೆಗೆ.

"ಈಗ ಎಷ್ಟನೆಯ ತರಗತಿ?"

"ಚೌಥೀ." ನಾಲ್ಕನೆಯದು.

ಮನೆಯೊಡತಿ ಮನಸ್ಸಿನಲ್ಲೇ ವರ್ಷ ಎಣಿಸಿದಳು. ಆಮೇಲೆ ಗೊಂಚಲಿನಿಂದ ಆ ಕೋಣೆಯ ಕೀಲಿ ಬಿಡಿಸತೊಡಗಿದಳು. ರಿಂಗು ಬಿಗಿಯಾಗಿತ್ತು, ಮುದುಕಿಯ ಬೆರಳಿಗೆ ಬಗ್ಗಲಿಲ್ಲ.

"ತರ್ರಿ ಇಲ್ಲಿ," ಎಂದು ಸುರಪುರದವಳು ಕೈ ಚಾಚಿ, ಉಗುರಿನ ತುದಿಯಿಂದ ರಿಂಗನ್ನು ಎಬ್ಬಿಸಿ, ಕೀಲಿಯನ್ನು ತಾನೇ ಬಿಡಿಸಿಕೊಂಡಳು.